ನಮಗ್ಯಾಕೆ ಉಸಾಬರಿ ಎನ್ನುವ ಮುನ್ನ

‘ನಮಗ್ಯಾಕೆ ಇಲ್ಲದ ಉಸಾಬರಿ?’ ಈ ಮಾತು ನಮ್ಮೆಲ್ಲರ ಬಾಯಲ್ಲೂ ಇದೆ. ಪಕ್ಕದ ಮನೆಯ ಆಸ್ತಿ ತಕರಾರಿಗೆ ಅದು ಸರಿಯಿರಬಹುದು. ಆದರೆ ನಮ್ಮ ಕಣ್ಣೆದುರೇ ಯಾರೋ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕೆಟ್ಟ ಉದ್ದೇಶದಿಂದ ಮುಟ್ಟಿ ಹಿಂಸಿಸುತ್ತಿದ್ದರೆ? ಆಗ ನಮ್ಮ ಮೌನ ಹಿಂಸಿಸುವವನಿಗೇ ಧೈರ್ಯ ಕೊಡುತ್ತದೆ.

ಮಕ್ಕಳೇ, ಸುಮ್ಮನಿರುವವರೆಲ್ಲ ಕೆಟ್ಟವರಲ್ಲ. 1968ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಮೈಕಿನಲ್ಲಿ ಮಾತಾಡಿಸುತ್ತಾ, ನಡುವೆ ಒಬ್ಬನಿಗೆ ಮೂರ್ಛೆ ಬಂದಂತೆ ದನಿ ಕೇಳಿಸಿದರು. ತಾನೊಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ ಶೇ. 85 ಮಂದಿ ಆ ದನಿ ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇ. 31 ಮಾತ್ರ. ‘ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ’ ಎಂಬ ಯೋಚನೆಯೇ ಕಾಲನ್ನು ಕಟ್ಟಿಹಾಕುತ್ತದೆ.

ಅದನ್ನು ಬಿಡಿಸಿಕೊಳ್ಳುವುದು ಹೇಗೆಂದು ನನಗೆ ತೋರಿಸಿದ್ದು ಹೂ ಮಾರುವ ಒಬ್ಬ ಅಜ್ಜಿ. ಕಿಕ್ಕಿರಿದ ಬಸ್ಸಿನಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಳು. ಅವಳು ಪಕ್ಕಕ್ಕೆ ಸರಿದಂತೆಲ್ಲ ಹಿಂದಿದ್ದ ಗಂಡಸೂ ಸರಿಯುತ್ತಿದ್ದ. ಅಜ್ಜಿ ಅವನತ್ತ ತಿರುಗಲೂ ಇಲ್ಲ. “ಬಾರವ್ವ ಪುಟ್ಟಿ, ಇಲ್ಲಿ ಕೂತ್ಕೊ. ಈ ಬುಟ್ಟಿ ಒಂಚೂರು ಹಿಡ್ಕೊ” ಎಂದು ಅವಳನ್ನು ಕರೆದುಕೊಂಡರು. ನಾನು ಕಂಡಕ್ಟರನ್ನು ಕರೆದು ವಿಷಯ ಹೇಳಿದೆ. ಅವರು ಅವನನ್ನು ಮುಂದಕ್ಕೆ ಕಳಿಸಿದರು. ಅಷ್ಟರಲ್ಲಿ ಅಜ್ಜಿ, “ನಿನ್ ಸ್ಟಾಪಲ್ಲಿ ನಾನೂ ಇಳೀಲಾ?” ಎಂದು ಕೇಳುತ್ತಿದ್ದರು. ಹುಡುಗಿ ಕಣ್ಣೊರೆಸಿಕೊಂಡು ‘ಹೂಂ’ ಎಂದಳು.

ಇಂಥ ನೆರವಿನ ತರಬೇತಿಗಳಲ್ಲಿ ಐದು ದಾರಿ ಹೇಳಿಕೊಡುತ್ತಾರೆ. ಬೇರೆ ಮಾತೆತ್ತಿ ಸನ್ನಿವೇಶ ತಪ್ಪಿಸುವುದು, ಇನ್ನೊಬ್ಬರ ನೆರವು ಕರೆಯುವುದು, ಸಮಯ, ಜಾಗ, ವಾಹನದ ಸಂಖ್ಯೆಯನ್ನು ಗುರುತಿಟ್ಟುಕೊಳ್ಳುವುದು, ಆಮೇಲೆ ನೊಂದವರನ್ನು ವಿಚಾರಿಸುವುದು, ಅಪಾಯವಿಲ್ಲವೆನಿಸಿದರೆ ಮಾತ್ರ ನೇರವಾಗಿ ‘ಬಿಡಿ ಅವಳನ್ನು’ ಎನ್ನುವುದು. ಇವುಗಳಲ್ಲಿ ಯಾವುದಕ್ಕೂ ತೋಳ್ಬಲ ಬೇಕಿಲ್ಲ.

ಮಕ್ಕಳೇ, ದೊಡ್ಡವರನ್ನು ಎದುರಿಸುವುದು ನಿಮ್ಮ ಕೆಲಸವಲ್ಲ. ನಂಬಿಕೆಯ ಹಿರಿಯರಿಗೆ ಹೇಳಿ. ಅವರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಿ. 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ತುರ್ತಿದ್ದರೆ 112. ಗೆಳತಿಯೋ ಗೆಳೆಯನೋ ಇಂಥ ಗುಟ್ಟು ಹೇಳಿಕೊಂಡರೆ ‘ನಾನು ನಂಬ್ತೀನಿ, ತಪ್ಪು ನಿಂದಲ್ಲ’ ಎನ್ನಿ. ಯಾರಿಗೂ ಹೇಳುವುದಿಲ್ಲವೆಂದು ಮಾತ್ರ ಆಣೆ ಮಾಡಬೇಡಿ.

ಅಜ್ಜ ಅಜ್ಜಿಯರೇ, ಹಿಂಸಿಸುವವನು ಅಪರಿಚಿತನೇ ಆಗಿರಬೇಕಿಲ್ಲ. ನೆಂಟನೋ ಪಾಠ ಹೇಳುವವನೋ ಆಗಿರಬಹುದು. ಆಗ ‘ಮನೆ ಮರ್ಯಾದೆ’ ಎಂದು ಬಾಯಿ ಮುಚ್ಚಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ದೊಡ್ಡವರಿಗೆ ಶಿಕ್ಷೆಯುಂಟು. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯಿದೆ. ಮಗುವಿನ ಹೆಸರನ್ನಾಗಲಿ ಫೋಟೊವನ್ನಾಗಲಿ ಎಲ್ಲೂ ಹಂಚಬೇಡಿ.

ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಶಾಲೆಯಲ್ಲಿ ಮೊದಲೇ ಅಭ್ಯಾಸ ಮಾಡಿಸುತ್ತಾರಲ್ಲ, ಇದೂ ಹಾಗೆಯೇ. ಈ ಭಾನುವಾರ ಊಟವಾದ ಮೇಲೆ ಮೊಮ್ಮಕ್ಕಳೂ ನೀವೂ ಕೂತು, ಬಸ್ಸಿನಲ್ಲಿ, ಜಾತ್ರೆಯಲ್ಲಿ, ಮದುವೆಮನೆಯಲ್ಲಿ ಏನೆನ್ನುತ್ತೀರಿ ಎಂದು ಒಂದೊಂದು ಮಾತು ಸಿದ್ಧಮಾಡಿ, ಗಟ್ಟಿಯಾಗಿ ಹೇಳಿ ನೋಡಿ. ಒಮ್ಮೆ ಹೇಳಿ ರೂಢಿಯಾದ ಮಾತು, ಬೇಕಾದ ಹೊತ್ತಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ.