ಕಾಯವನ್ನರಿತ ಕಾಣಿಕೆ: ಕ್ರೋಶಾ ಟೊಪ್ಪಿಗೆ, ಮಫ್ಲರ್ ಮತ್ತು ನಮ್ಮ ಚಳಿಗಾಲ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುತ್ತಿದ್ದಂತೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ, ಧಾರವಾಡದ ಸುಭಾಸ ರಸ್ತೆಯಲ್ಲಿ ಬೆಚ್ಚನೆಯ ಉಡುಪುಗಳ ವ್ಯಾಪಾರ ಚುರುಕಾಗುತ್ತದೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತ ತಾಯಂದಿರ ಕೈಗೆ ಕ್ರೋಶಾ ಕಡ್ಡಿ, ಮಡಿಲಿಗೆ ಉಲನ್ ಉಂಡೆ ಬರುವುದೂ ಈ ದಿನಗಳಲ್ಲಿಯೇ. ಮಗಳ ಬಾಣಂತನಕ್ಕೆಂದು ಒಬ್ಬರು ಪುಟ್ಟ ಟೊಪ್ಪಿಗೆ ಹೆಣೆಯುತ್ತಾರೆ. ಸಂಕ್ರಮಣದ ಕುಸುರೆಳ್ಳಿನ ಜೊತೆಗೆ ಅತ್ತೆಯವರಿಗೆ ಕೊಡಲೆಂದು ಇನ್ನೊಬ್ಬರು ಮಫ್ಲರ್ ಹೆಣೆಯುತ್ತಾರೆ. ಎಣಿಸಿ ಹಾಕುವ ಹೆಣಿಗೆ ಈ ಸೀಮೆಯ ಕೈಗಳಿಗೆ ಹೊಸದಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುವ ಕಸೂತಿ ಇಲ್ಲಿಯದೇ ಕಲೆ.

ಕೈಯಿಂದ ಮಾಡಿದ ಉಡುಗೊರೆಯಲ್ಲಿ ಪ್ರೀತಿಯಿದೆ ಎಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಆರೋಗ್ಯದ ದೃಷ್ಟಿಯಿಂದ ನೋಡಿದಾಗ ಪ್ರೀತಿಯೊಂದೇ ಸಾಲದು. ತಲೆಗೆ, ಕೊರಳಿಗೆ ತಾಗುವ ವಸ್ತು ಧರಿಸುವವರ ದೇಹವನ್ನು ಅರಿತು ಸಿದ್ಧವಾಗಬೇಕು. ಅರಿಯದೆ ಹೆಣೆದ ಟೊಪ್ಪಿಗೆ ಕೂಸಿನ ಉಸಿರಿಗೆ ತೊಡಕಾದೀತು. ಅರಿಯದೆ ಹೆಣೆದ ಮಫ್ಲರ್ ದ್ವಿಚಕ್ರ ವಾಹನದ ಗಾಲಿಗೆ ಸಿಕ್ಕೀತು. ಆದ್ದರಿಂದ ಈ ಸಂಚಿಕೆಯಲ್ಲಿ ಯಾರಿಗೆ ಏನು ಹೆಣೆಯಬೇಕು, ಹೇಗೆ ಹೆಣೆಯಬೇಕು, ಹೆಣೆಯುವವರು ತಮ್ಮ ದೇಹವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ವಿಚಾರಿಸೋಣ.

ನಮ್ಮ ಚಳಿ ಎಂಥದು?

ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಇಲ್ಲಿನ ಬೆಳಗಿನ ಜಾವದ ಉಷ್ಣತೆ ಸಾಮಾನ್ಯವಾಗಿ 14-15 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 28-30 ಡಿಗ್ರಿ ಬಿಸಿಲಿರುತ್ತದೆ. ಹಿಮಾಲಯದ ತಪ್ಪಲಿನಂತೆ ಹಗಲಿರುಳೂ ಕಾಡುವ ಚಳಿ ಇದಲ್ಲ. ಬೆಳಗಿನ ಮೂರು ನಾಲ್ಕು ತಾಸು, ರಾತ್ರಿಯ ಕೆಲವು ತಾಸು ಕಾಡಿ ಬಿಸಿಲೇರಿದೊಡನೆ ಹಿಂದೆ ಸರಿಯುವ ಚಳಿ. ಹಾಗಾಗಿ ನಮಗೆ ಬೇಕಾದುದು ಅತಿ ದಪ್ಪನೆಯ ಉಡುಪಲ್ಲ. ಹಗುರವಾಗಿ ಬೆಚ್ಚಗಿಟ್ಟು, ಬೇಡವಾದಾಗ ತೆಗೆದಿಡಲು ಸುಲಭವಾದುದು.

ಬಟ್ಟೆ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ನೂಲಿನ ಎಳೆಗಳ ನಡುವೆ ನಿಶ್ಚಲವಾಗಿ ನಿಂತ ಗಾಳಿಯು ದೇಹದ ಬಿಸಿ ಹೊರಹೋಗದಂತೆ ತಡೆಯುತ್ತದೆ. ಕ್ರೋಶಾ ಹೆಣಿಗೆಯ ಒತ್ತೊತ್ತಾದ ಕುಣಿಕೆಗಳು ಇಂಥ ಗಾಳಿಯನ್ನು ಚೆನ್ನಾಗಿ ಹಿಡಿದಿಡುತ್ತವೆ. ಅಂದಕ್ಕೆಂದು ದೊಡ್ಡ ದೊಡ್ಡ ರಂಧ್ರಗಳ ವಿನ್ಯಾಸ ಹೆಣೆದರೆ ಗಾಳಿ ನುಗ್ಗಿ ಆ ಪ್ರಯೋಜನ ಕಳೆದುಹೋಗುತ್ತದೆ.

ನೂಲಿನ ಆಯ್ಕೆಯೂ ಮುಖ್ಯ. ನಮ್ಮ ಕುರುಬ ಬಂಧುಗಳು ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ ಕರಿಯ ಕಂಬಳಿ ಮಳೆ, ಗಾಳಿ, ಚಳಿ ಮೂರನ್ನೂ ತಡೆಯುತ್ತದೆ. ಆದರೆ ಆ ಉಣ್ಣೆ ಒರಟಾದುದರಿಂದ ನೇರವಾಗಿ ಚರ್ಮಕ್ಕೆ ತಾಗುವ ಟೊಪ್ಪಿಗೆಗೆ ಒಗ್ಗದು. ಅಂಗಡಿಯಲ್ಲಿ ‘ಉಲನ್’ ಎಂದು ಕೊಡುವ ನೂಲಿನ ಬಹುಪಾಲು ವಾಸ್ತವವಾಗಿ ಅಕ್ರಿಲಿಕ್. ಅದು ಅಗ್ಗ, ಹಗುರ, ಒಗೆಯಲು ಸುಲಭ. ಆದರೆ ಬೆವರನ್ನು ಹೀರುವುದಿಲ್ಲ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿ ನೂಲು ಬೆವರು ಹೀರುತ್ತದೆ, ತುರಿಸುವುದಿಲ್ಲ. ನಮ್ಮ ಹವೆಗೆ ಹತ್ತಿ ಅಥವಾ ಹತ್ತಿ ಬೆರೆತ ಮೃದು ನೂಲು ಅನೇಕರಿಗೆ ಸಾಕಾಗುತ್ತದೆ.

ಹಸುಗೂಸಿನ ಟೊಪ್ಪಿಗೆ

ಕೂಸಿಗೆ ಕುಲಾವಿ, ಕುಂಚಿಗೆ ತೊಡಿಸುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಅದರ ಹಿಂದೆ ಅನುಭವದ ಸತ್ಯವಿದೆ. ವಯಸ್ಕರಲ್ಲಿ ತಲೆಯು ಇಡೀ ದೇಹದ ಮೈಹರವಿನಲ್ಲಿ ಸುಮಾರು ಶೇ. 10ರಷ್ಟು ಮಾತ್ರ. ಆದ್ದರಿಂದ ಮೈಬಿಸಿಯ ಬಹುಪಾಲು ತಲೆಯಿಂದಲೇ ಹೋಗುತ್ತದೆ ಎಂಬ ಪ್ರಚಲಿತ ಮಾತು ದೊಡ್ಡವರ ಮಟ್ಟಿಗೆ ನಿಜವಲ್ಲ. ನವಜಾತ ಶಿಶುವಿನಲ್ಲಾದರೋ ಈ ಪ್ರಮಾಣ ಸುಮಾರು ಶೇ. 20. ಕೂಸಿನ ಮೈಯಲ್ಲಿ ಕೊಬ್ಬು ಕಡಿಮೆ, ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿಯೂ ಬೆಳೆದಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನವಜಾತ ಶಿಶುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಚಳಿಯ ಅಪಾಯ ಇನ್ನೂ ಹೆಚ್ಚು. ತಾಯಿಯ ಎದೆಗೆ ಕೂಸಿನ ಬರಿಮೈಯನ್ನು ತಾಗಿಸಿ ಬೆಚ್ಚಗಿಡುವ ‘ಕಾಂಗರೂ ಆರೈಕೆ’ಯಲ್ಲಿಯೂ ಕೂಸಿನ ತಲೆಗೆ ಟೊಪ್ಪಿಗೆ ಇರುತ್ತದೆ. ಆ ದಿನಗಳಲ್ಲಿ ಮೃದುವಾದೊಂದು ಟೊಪ್ಪಿಗೆ ನಿಜವಾಗಿಯೂ ಜೀವಕ್ಕೆ ಆಸರೆ.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ತೂಕ ಸರಿಯಾಗಿರುವ, ಆರೋಗ್ಯವಂತ ಕೂಸನ್ನು ಮುಚ್ಚಿದ ಕೋಣೆಯಲ್ಲಿ ದಪ್ಪ ಟೊಪ್ಪಿಗೆ ತೊಡಿಸಿ, ಮೇಲೆ ಕೌದಿ ಹೊದಿಸಿ, ಪಕ್ಕದಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿಸಿದರೆ ಅತಿಬಿಸಿಯೇ ಅಪಾಯವಾಗುತ್ತದೆ. ಹೆಚ್ಚಿದ ಬಿಸಿಯನ್ನು ಹೊರಹಾಕಲು ಕೂಸಿಗೆ ಇರುವ ಮುಖ್ಯ ದಾರಿ ತಲೆಯೇ. ನಿದ್ದೆಯಲ್ಲಿ ಟೊಪ್ಪಿಗೆ ಜಾರಿ ಮೂಗು, ಬಾಯಿ ಮುಚ್ಚುವ ಭಯವೂ ಉಂಟು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ವಿಷಾನಿಲ ತಾಯಿ, ಮಗು ಇಬ್ಬರಿಗೂ ಮಾರಕ. ಆದುದರಿಂದ ಹೊರಗೆ ಕರೆದೊಯ್ಯುವಾಗ ಟೊಪ್ಪಿಗೆ ಇರಲಿ. ಮೊದಲ ಕೆಲವು ದಿನಗಳು ಕಳೆದ ಮೇಲೆ ಮನೆಯೊಳಗೆ ಮಲಗಿಸುವಾಗ ತೆಗೆದಿಡುವುದು ಲೇಸು. ದಿನ ತುಂಬದೆ ಹುಟ್ಟಿದ ಕೂಸಿನ ವಿಷಯದಲ್ಲಿ ವೈದ್ಯರು ಹೇಳಿದಂತೆಯೇ ನಡೆಯಬೇಕು. ಕೂಸಿಗೆ ಸೆಕೆಯೋ ಚಳಿಯೋ ಎಂದು ತಿಳಿಯಲು ಅಂಗೈ, ಅಂಗಾಲು ಮುಟ್ಟಿದರೆ ಸಾಲದು. ಎದೆ ಮತ್ತು ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಒಂದು ಪದರ ಬಟ್ಟೆ ಕಡಿಮೆ ಮಾಡಬೇಕು.

ಹೆಣೆಯುವವರು ನೆನಪಿಡಬೇಕಾದ ನಿಯಮಗಳು ಸರಳ. ಕೂಸಿನ ಟೊಪ್ಪಿಗೆಗೆ ಗುಂಡಿ, ಮಣಿ, ಉಲನ್ ಗೊಂಡೆ, ಉದ್ದನೆಯ ಕಟ್ಟುದಾರ ಬೇಡ. ಕಿತ್ತು ಬಂದದ್ದು ಗಂಟಲಿಗೆ ಹೋಗುತ್ತದೆ, ದಾರ ಕೊರಳಿಗೆ ಸುತ್ತಿಕೊಳ್ಳುತ್ತದೆ. ಬೆರಳು ಸಿಕ್ಕುವಂಥ ರಂಧ್ರಗಳಿರಬಾರದು. ಒಳಮೈಯಲ್ಲಿ ಸಡಿಲ ಎಳೆಗಳನ್ನು ಬಿಡಬಾರದು. ಹಸುಗೂಸಿಗೆ ಮಫ್ಲರ್ ಹೆಣೆಯಲೇಬಾರದು.

ಅಳತೆಯ ಲೆಕ್ಕವೂ ಕಠಿಣವಲ್ಲ. ದಿನ ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್. ಒಂದು ವರ್ಷಕ್ಕೆ ಸುಮಾರು 45. ಒಂಟಿ ಕುಣಿಕೆಯ ಹೆಣಿಗೆಯಲ್ಲಿ ನಡುವಿನ ಉಂಗುರದಿಂದ 6 ಕುಣಿಕೆಗಳೊಡನೆ ಆರಂಭಿಸಿ, ಪ್ರತಿ ಸುತ್ತಿಗೆ 6ರಂತೆ ಹೆಚ್ಚಿಸುತ್ತ 12, 18, 24 ಎಂದು ಸಾಗಿದರೆ ಸಮತಟ್ಟಾದ ಬಿಲ್ಲೆ ಬರುತ್ತದೆ. ಅಂಚು ಅಲೆಯಲೆಯಾಗಿ ಎದ್ದರೆ ಕುಣಿಕೆ ಹೆಚ್ಚಾಗಿವೆ. ಬಟ್ಟಲಿನಂತೆ ಒಳಬಾಗಿದರೆ ಕಡಿಮೆಯಾಗಿವೆ. ಬೇಕಾದ ಸುತ್ತಳತೆಯನ್ನು 3.14ರಿಂದ ಭಾಗಿಸಿದಾಗ ಬರುವ ಅಗಲಕ್ಕೆ ಬಿಲ್ಲೆ ತಲುಪಿದೊಡನೆ ಹೆಚ್ಚಿಸುವುದನ್ನು ನಿಲ್ಲಿಸಿ ನೇರವಾಗಿ ಕೆಳಗೆ ಹೆಣೆಯಬೇಕು. 33 ಸೆಂಟಿಮೀಟರ್ ಟೊಪ್ಪಿಗೆಗೆ ಹತ್ತೂವರೆ ಸೆಂಟಿಮೀಟರ್ ಅಗಲದ ಬಿಲ್ಲೆ ಸಾಕು.

ಹಿರಿಯರ ಮಫ್ಲರ್

ಚಳಿ ತಗುಲಿದಾಗ ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ರಕ್ತದೊತ್ತಡ ಏರುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳು ಚಳಿಗಾಲದಲ್ಲಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಉಣಕಲ್ ಕೆರೆಯ ದಂಡೆಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ನಸುಕಿನಲ್ಲೇ ನಡೆಯಲು ಹೊರಡುವ ಹಿರಿಯರು ಬಿಸಿಲು ಮೂಡಿದ ಮೇಲೆ ಹೊರಡುವುದು ಮೇಲು. ಹೊರಟಾಗ ಕಿವಿ ಮುಚ್ಚುವ ಟೊಪ್ಪಿಗೆ, ಕೊರಳಿಗೆ ಮಫ್ಲರ್ ಇರಲಿ. ಉಬ್ಬಸವುಳ್ಳವರಿಗೆ ಮಫ್ಲರಿನಿಂದ ಮತ್ತೊಂದು ಉಪಯೋಗವಿದೆ. ಮೂಗು, ಬಾಯಿಗಳ ಮೇಲೆ ಸಡಿಲವಾಗಿ ಹೊದ್ದರೆ ಒಳಗೆಳೆದ ಗಾಳಿ ತುಸು ಬೆಚ್ಚಗಾಗಿ, ತೇವವಾಗಿ ಶ್ವಾಸನಾಳವನ್ನು ಸೇರುತ್ತದೆ. ತಣ್ಣನೆಯ ಗಾಳಿಯಿಂದ ಕೆರಳುವ ಉಬ್ಬಸ ಕೊಂಚ ಹತೋಟಿಗೆ ಬರುತ್ತದೆ. ಇದರಿಂದ ವೈದ್ಯರು ಕೊಟ್ಟ ಔಷಧಿಯನ್ನು ಬಿಡುವಂತಿಲ್ಲ. ಮೂಗಿಗೆ ತಾಗುವ ಬಟ್ಟೆಯನ್ನು ಆಗಾಗ ಒಗೆಯದಿದ್ದರೆ ಧೂಳು ಸೇರಿ ಕೆಡುಕೇ ಹೆಚ್ಚಾಗುತ್ತದೆ.

ಮಫ್ಲರ್ ಸಾಮಾನ್ಯವಾಗಿ 150 ಸೆಂಟಿಮೀಟರ್ ಉದ್ದ, 15ರಿಂದ 18 ಸೆಂಟಿಮೀಟರ್ ಅಗಲವಿರುತ್ತದೆ. ಆದರೆ ದ್ವಿಚಕ್ರ ವಾಹನದ ಹಿಂದಿನ ಆಸನದಲ್ಲಿ ಕುಳಿತು ಓಡಾಡುವವರಿಗೆ ಈ ಉದ್ದ ಅಪಾಯಕರ. ಜೋತುಬಿದ್ದ ತುದಿ ಗಾಲಿಗೆ ಸಿಕ್ಕರೆ ಕೊರಳಿಗೇ ಉರುಳಾಗುತ್ತದೆ. ಅವರಿಗಾಗಿ ಎರಡೂ ತುದಿಗಳನ್ನು ಕೂಡಿಸಿ ಬಳೆಯಂತೆ ತಲೆಯಿಂದ ಇಳಿಸಿಕೊಳ್ಳುವ ಗಿಡ್ಡ ಕೊರಳಪಟ್ಟಿ ಹೆಣೆಯುವುದು ಕ್ಷೇಮ. ಹಿಟ್ಟಿನ ಗಿರಣಿಯಲ್ಲಿ, ಯಂತ್ರಗಳ ಬಳಿಯಲ್ಲಿ ದುಡಿಯುವವರಿಗೂ ಇದೇ ಮಾತು. ಹೆಲ್ಮೆಟ್ಟಿನ ಒಳಗೆ ದಪ್ಪ ಟೊಪ್ಪಿಗೆ ಹಾಕಿದರೆ ಹೆಲ್ಮೆಟ್ ಸರಿಯಾಗಿ ಕೂರದು. ಒಲೆಯ ಮುಂದೆ ಕೂರುವ ತಾಯಂದಿರಿಗೆ ಅಕ್ರಿಲಿಕ್ ಬೇಡ, ಹತ್ತಿಯ ನೂಲೇ ಇರಲಿ.

ಚಿಕಿತ್ಸೆಯಲ್ಲಿರುವವರಿಗೆ

ಹುಬ್ಬಳ್ಳಿಯ ನವನಗರದಲ್ಲಿರುವ ಕ್ಯಾನ್ಸರ್ ಆಸ್ಪತ್ರೆಗೆ ಚಿಕಿತ್ಸೆಗೆಂದು ಸುತ್ತಲಿನ ಊರುಗಳ ಜನ ಬರುತ್ತಾರೆ. ಕಿಮೋಥೆರಪಿಯ ಕೆಲವು ಔಷಧಿಗಳಿಂದ, ಆರಂಭವಾದ ಎರಡರಿಂದ ನಾಲ್ಕು ವಾರಗಳಲ್ಲಿ ಕೂದಲು ಉದುರುತ್ತದೆ. ಆಗ ನೆತ್ತಿ ಬಹಳ ಸೂಕ್ಷ್ಮವಾಗಿರುತ್ತದೆ, ರಾತ್ರಿ ಚಳಿಯೂ ಹೆಚ್ಚು ಕಾಡುತ್ತದೆ. ಇಂಥವರಿಗೆ ಹೊಲಿಗೆಯ ಉಬ್ಬಿಲ್ಲದ, ತೆಳುವಾದ ಹತ್ತಿ ನೂಲಿನ ಟೊಪ್ಪಿಗೆ ತಕ್ಕ ಕಾಣಿಕೆ. ಆದರೆ ಕೊಡುವ ಮುನ್ನ ಕೇಳಿ ತಿಳಿಯುವುದು ಸೌಜನ್ಯ. ತಲೆ ಮುಚ್ಚಿಕೊಳ್ಳುವುದೋ ಹಾಗೆಯೇ ಇರುವುದೋ ಎಂಬುದನ್ನು ನಿರ್ಧರಿಸುವವರು ಅವರೇ. ಸೆರಗಿನಲ್ಲಿಯೇ ನೆಮ್ಮದಿ ಕಾಣುವ ತಾಯಂದಿರೂ ಇದ್ದಾರೆ. ಚಿಕಿತ್ಸೆಯ ಕಾಲದಲ್ಲಿ ದೇಹದ ರೋಗನಿರೋಧಕ ಶಕ್ತಿ ಕುಂದಿರುವುದರಿಂದ ಹೊಸ ಟೊಪ್ಪಿಗೆಯನ್ನು ಒಗೆದು, ಬಿಸಿಲಿಗೆ ಒಣಗಿಸಿಯೇ ಕೊಡಬೇಕು.

ಹೆಣೆಯುವ ಕೈಯ ಕ್ಷೇಮ

ಕಾಣಿಕೆ ಪಡೆದವರಿಗಿಂತ ಮೊದಲೇ ಅದರ ಫಲ ಹೆಣೆದವರಿಗೆ ಸಿಗುತ್ತದೆ ಎನ್ನಬಹುದು. ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಕ್ರೋಶಾ ಹೆಣೆಯುವ 8,391 ಮಂದಿಯ ಅಭಿಪ್ರಾಯ ಸಂಗ್ರಹಿಸಿ 2020ರಲ್ಲಿ ಪ್ರಕಟಿಸಿದರು. ಅವರಲ್ಲಿ ಸುಮಾರು ಶೇ. 90ರಷ್ಟು ಜನ ಹೆಣಿಗೆಯಿಂದ ಮನಸ್ಸು ಶಾಂತವಾಗುತ್ತದೆ ಎಂದರು. ಇದು ಹೆಣಿಗೆಯನ್ನು ಮೆಚ್ಚಿದವರೇ ಹೇಳಿದ ಮಾತಾದ್ದರಿಂದ ಇದನ್ನು ಚಿಕಿತ್ಸೆಯ ಪುರಾವೆಯೆಂದು ಹಿಗ್ಗಿಸಬಾರದು. ಆದರೂ ಎಣಿಕೆ ತಪ್ಪದ, ಒಂದೇ ಲಯದ ಕೈಗೆಲಸದಲ್ಲಿ ಚದುರಿದ ಮನ ಒಂದೆಡೆ ನಿಲ್ಲುತ್ತದೆಂಬುದು ನಿತ್ಯ ಪೂಜೆಯಲ್ಲಿ ಏಕಾಗ್ರತೆಯನ್ನು ಅಭ್ಯಾಸ ಮಾಡುವ ನಮಗೆ ಅಪರಿಚಿತವಲ್ಲ. ಮಕ್ಕಳು ಪರಊರು ಸೇರಿ ಒಂಟಿಯಾದ ಹಿರಿಯ ತಾಯಂದಿರನ್ನು ಅಕ್ಕನ ಬಳಗಗಳು ವಾರಕ್ಕೊಮ್ಮೆ ಹೆಣಿಗೆಗೆ ಕೂಡಿಸಿದರೆ ಮಾತಿಗೂ ಜೊತೆ ಸಿಗುತ್ತದೆ. ನಿದ್ದೆ, ಹಸಿವು ಕೆಟ್ಟು ವಾರಗಟ್ಟಲೆ ಖಿನ್ನತೆ ಕಾಡುತ್ತಿದ್ದರೆ ಮಾತ್ರ ಕಡ್ಡಿ, ನೂಲುಗಳನ್ನು ನಂಬಿ ಕೂರದೆ ಧಾರವಾಡದ ಡಿಮ್ಹಾನ್ಸಿನಂಥ ಸಂಸ್ಥೆಯ ವೈದ್ಯರನ್ನು ಕಾಣಬೇಕು.

ದೇಹಕ್ಕೆ ಹೆಣಿಗೆಯಿಂದ ಆಗುವ ತೊಂದರೆಗಳೂ ಉಂಟು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು, ರಾತ್ರಿ ಎಚ್ಚರಗೊಳಿಸುವ ಚಿಮುಕು ಇದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಮಧುಮೇಹ, ಥೈರಾಯ್ಡ್ ತೊಂದರೆ ಉಳ್ಳವರಲ್ಲಿ, ಗರ್ಭಿಣಿಯರಲ್ಲಿ ಇದು ಹೆಚ್ಚು. ಹುಟ್ಟಲಿರುವ ಕೂಸಿಗೆಂದು ಸ್ವತಃ ಹೆಣೆಯುವ ಗರ್ಭಿಣಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಅರ್ಧ ತಾಸಿಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿ, ಮಣಿಕಟ್ಟು ತಿರುಗಿಸಿ, ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಸಣ್ಣ ಕಡ್ಡಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಬೆರಳಿನ ಬಿಗಿ ತಗ್ಗುತ್ತದೆ. ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡರೆ ಕತ್ತು ಬಗ್ಗುವುದು ಕಡಿಮೆಯಾಗುತ್ತದೆ. ನಲವತ್ತು ದಾಟಿದವರು ಹಗಲಿನ ಬೆಳಕಿನಲ್ಲಿ, ತಕ್ಕ ಕನ್ನಡಕ ಧರಿಸಿ ಹೆಣೆಯಲಿ. ಕಪ್ಪು ನೂಲನ್ನು ರಾತ್ರಿ ಹಿಡಿಯದಿರಲಿ.

ಅಳತೆಯರಿತ ದಾಸೋಹ

ನೂಲು ಮತ್ತು ಸೂಜಿಯ ಕಾಯಕಕ್ಕೆ ಶರಣರ ನಡುವೆ ಗೌರವದ ಸ್ಥಾನವಿತ್ತು. ಕದಿರೆ ರೆಮ್ಮವ್ವೆ ನೂಲು ತೆಗೆದರು, ಸೂಜಿಕಾಯಕದ ರಾಮಿತಂದೆ ಬಟ್ಟೆ ಹೊಲಿದರು, ಜೇಡರ ದಾಸಿಮಯ್ಯ ನೇಯ್ದರು. ಇವರೊಡನೆ ಆಯ್ದಕ್ಕಿ ಲಕ್ಕಮ್ಮನವರನ್ನೂ ನಾವಿಲ್ಲಿ ನೆನೆಯಬೇಕು. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ತಾಯಿ ಅವರು. ಅಗತ್ಯದ ಅಳತೆ ಮೀರಿದ್ದು ದಾಸೋಹಕ್ಕೆ ಸಲ್ಲದು ಎಂಬ ಆ ಅರಿವು ಉಡುಗೊರೆಗೂ ಅನ್ವಯಿಸುತ್ತದೆ. ಹತ್ತು ಜನರಿಗೆ ಒಂದೇ ಮಾದರಿಯ ಹತ್ತು ಟೊಪ್ಪಿಗೆ ಹಂಚುವುದಕ್ಕಿಂತ, ಒಬ್ಬರ ತಲೆಯ ಅಳತೆ ತೆಗೆದು, ಅವರ ದಿನಚರಿ ಕೇಳಿ, ಚರ್ಮಕ್ಕೆ ಒಗ್ಗುವ ನೂಲು ಆರಿಸಿ ಹೆಣೆದ ಒಂದು ಟೊಪ್ಪಿಗೆ ಹಿರಿದು.

ಈ ವರ್ಷದ ಸಂಕ್ರಮಣಕ್ಕೆ ಕೈಹೆಣಿಗೆಯ ಕಾಣಿಕೆ ಕೊಡಬಯಸುವ ಓದುಗರು ಇಂದೇ ಅಳತೆಪಟ್ಟಿ ಹಿಡಿದು ಆರಂಭಿಸಲಿ. ಹೆಣೆದ ಮೇಲೆ ಒಮ್ಮೆ ಒಗೆದು ಒಣಗಿಸಲಿ. ಜೊತೆಗೆ ಒಂದು ಚೀಟಿಯಲ್ಲಿ ನೂಲು ಯಾವುದು, ಒಗೆಯುವುದು ಹೇಗೆ ಎಂದು ಬರೆದಿಡಲಿ. ಕೂಸಿನ ಟೊಪ್ಪಿಗೆಯಾಗಿದ್ದರೆ ‘ಮಲಗಿಸುವಾಗ ತೆಗೆಯಿರಿ’ ಎಂಬ ಇನ್ನೊಂದು ಸಾಲು ಇರಲಿ. ಆ ಸಾಲು ತಾಯಿಯ ಕಣ್ಣಿಗೆ ಬಿದ್ದರೆ, ಟೊಪ್ಪಿಗೆ ಹೆಣೆದ ಕಾಯಕ ಪೂರ್ಣವಾಯಿತು.