ಮಳೆನೀರು ಶುದ್ಧ, ಆದರೆ ನಮ್ಮ ಗಾಳಿ?

ಬೇಸಿಗೆಯ ಮೊದಲ ಮಳೆ ಬಿದ್ದ ದಿನ ತಾರಸಿಯ ಪೈಪಿನಿಂದ ಇಳಿಯುವ ನೀರನ್ನು ಒಂದು ಬಿಳಿ ಬಕೆಟಿನಲ್ಲಿ ಹಿಡಿದು ನೋಡಿ. ನೀರು ಕಂದು ಬಣ್ಣಕ್ಕಿರುತ್ತದೆ. ಅರ್ಧ ಗಂಟೆ ಬಿಟ್ಟರೆ ತಳದಲ್ಲಿ ಕಪ್ಪು ಗಸಿ ಕೂರುತ್ತದೆ. ಪವಿತ್ರ ಕುರ್‌ಆನ್ ಮಳೆಯನ್ನು ಶುದ್ಧ ನೀರೆಂದು ಪರಿಚಯಿಸುತ್ತದೆ. ಹಾಗಾದರೆ ಈ ಗಸಿ ಎಲ್ಲಿಂದ ಬಂತು? ಅದು ನಾವು ಗಾಳಿಗೆ ಬಿಟ್ಟದ್ದು.

ನಾಗರಬಾವಿಯ ಒಂದು ಬದಿಗೆ ಹೊರವರ್ತುಲ ರಸ್ತೆ, ದಕ್ಷಿಣಕ್ಕೆ ಮೈಸೂರು ರಸ್ತೆ, ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ. ವಾಹನ, ಜನರೇಟರ್ ಮತ್ತು ಕಾರ್ಖಾನೆಗಳ ಹೊಗೆಯಲ್ಲಿರುವ ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳು ಮೋಡದ ನೀರಿನಲ್ಲಿ ಕರಗಿ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಾಗುತ್ತವೆ. ಹೊಗೆಯೇ ಇಲ್ಲದ ಕಡೆಯೂ ಮಳೆಯ ಪಿಎಚ್ ಮೌಲ್ಯ ಸುಮಾರು 5.6 ಇರುತ್ತದೆ, ಅಂದರೆ ತುಸು ಹುಳಿ. ಹೊಗೆ ಸೇರಿದರೆ ಅದು ಇನ್ನೂ ಇಳಿಯುತ್ತದೆ. ನಮ್ಮ ದೇಶದ ಗಾಳಿಯಲ್ಲಿ ಸುಣ್ಣದ ಅಂಶವಿರುವ ಧೂಳು ಹೆಚ್ಚು. ಅದು ಬಹಳಷ್ಟು ಆಮ್ಲವನ್ನು ತಣಿಸುತ್ತದೆ. ಆದರೆ ಧೂಳೆಲ್ಲ ತೊಳೆದುಹೋದ ಬಳಿಕವೂ ಮಳೆ ಮುಂದುವರಿದರೆ ನೀರು ಮತ್ತೆ ಹುಳಿಯಾಗಬಹುದು. ಅಂಥ ನೀರು ಸತು ಲೇಪಿತ ತಗಡು, ಹಳೆಯ ಪೈಪು ಮತ್ತು ಬೆಸುಗೆಗಳಿಂದ ಲೋಹವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ.

ವುಝೂಗೆ ಸರಿ, ಕುಡಿಯಲು?

ನೀರಿನ ಬಣ್ಣ, ರುಚಿ, ವಾಸನೆ ಕೆಟ್ಟಿದೆಯೇ ಎಂದು ನೋಡುವುದನ್ನು ಫಿಕ್‌ಹ್ ನಮಗೆ ಕಲಿಸಿದೆ. ಶುದ್ಧೀಕರಣಕ್ಕೆ ಅದು ಮಾನದಂಡ. ಆದರೆ ಸೀಸಕ್ಕೆ ನೀರಿನಲ್ಲಿ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವುಝೂ, ಸ್ನಾನ, ಬಟ್ಟೆ ಒಗೆಯಲು ಸೋಸಿದ ಮಳೆನೀರು ಧಾರಾಳವಾಗಿ ಸಾಕು. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗಿರಬೇಕೆಂಬುದು ಭಾರತೀಯ ಮಾನಕ. ಗರ್ಭಿಣಿಯರು, ಎಳೆಯ ಮಕ್ಕಳಿರುವ ಮನೆಯಲ್ಲಿ ಪರೀಕ್ಷೆ ಮಾಡಿಸದೆ ತಾರಸಿಯ ನೀರನ್ನು ಕುಡಿಯಬೇಡಿ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ.

ಕೆರೆಯ ಮಣ್ಣಿನಲ್ಲಿ ಉಳಿಯುವುದು

ರಸ್ತೆ, ತಾರಸಿಗಳನ್ನು ತೊಳೆದ ನೀರು ಮೋರಿ ಸೇರಿ, ನಮ್ಮ ಭಾಗದಲ್ಲಿ ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಅಲ್ಲಿಂದ ಬಿಡದಿ ಬಳಿಯ ಬೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಗೆ. ದಾರಿಯಲ್ಲಿ ಒಳಚರಂಡಿ ಮತ್ತು ಕಾರ್ಖಾನೆಯ ನೀರೂ ಕೂಡಿಕೊಳ್ಳುತ್ತದೆ. ಕೆರೆಯ ಕೆಸರು ಲೋಹಗಳನ್ನು ಹಿಡಿದಿಡುತ್ತದೆ. ನೀರಿನಡಿ ಗಾಳಿಯಾಡದಿರುವಾಗ ಅವು ಗಂಧಕದೊಂದಿಗೆ ಬೆಸೆದುಕೊಂಡು ಅಲ್ಲೇ ಇರುತ್ತವೆ. ಕೆರೆ ಒಣಗಿ ಕೆಸರಿಗೆ ಗಾಳಿ ತಾಗಿದರೆ, ಮಣ್ಣು ಹುಳಿಯಾದರೆ, ಅವು ಬಿಡಿಸಿಕೊಂಡು ಗಿಡದ ಬೇರಿಗೆ ಸಿಗುತ್ತವೆ. ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲಿ 2000ದಲ್ಲೇ ನಿಂತಿತು. ಆದರೂ ಮಣ್ಣಿಗೆ ಸೇರಿದ ಸೀಸ ದಶಕಗಳ ಕಾಲ ಉಳಿಯುತ್ತದೆ. ಮೋರಿ ನೀರಿನಲ್ಲಿ ಬೆಳೆದ ಸೊಪ್ಪನ್ನು ಎಷ್ಟು ತೊಳೆದರೂ ಮೇಲಿನ ಧೂಳು ಹೋದೀತೇ ಹೊರತು ಬೇರು ಹೀರಿದ್ದು ಹೋಗದು. ಸೊಪ್ಪು ಎಲ್ಲಿಯದು ಎಂದು ಕೇಳಿಯೇ ಕೊಳ್ಳಿ.

ಮನೆಯಲ್ಲಿ ಏನು ಮಾಡಬಹುದು?

ಇಷ್ಟನ್ನು ಓದಿ ಮಳೆಕೊಯ್ಲು ಬೇಡವೆನ್ನಬೇಡಿ. 2009ರ ತಿದ್ದುಪಡಿಯ ಬಳಿಕ ಬೆಂಗಳೂರಿನಲ್ಲಿ 1200 ಚದರಡಿಯ ನಿವೇಶನದ ಹೊಸ ಮನೆಗೂ ಅದು ಕಡ್ಡಾಯ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರಿಗೆ ಅದರ ಬೆಲೆ ಗೊತ್ತು. 100 ಚದರ ಮೀಟರ್ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ನಗರದ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನ ಆಸುಪಾಸು. ಅಂದರೆ ವರ್ಷಕ್ಕೆ ಲಕ್ಷ ಲೀಟರಿನ ಹತ್ತಿರ.

ಹೆಚ್ಚಿನ ಕೊಳೆ ಇರುವುದು ಮೊದಲ ಒಂದೆರಡು ಮಿಲಿಮೀಟರಿನಲ್ಲಿ. ಆದ್ದರಿಂದ:

• ಮಳೆಗಾಲಕ್ಕೆ ಮುನ್ನ ತಾರಸಿ ಗುಡಿಸಿ. ಅಲ್ಲಿ ಕಸ ಸುಡಬೇಡಿ.

• ಪ್ರತಿ ಮಳೆಯ ಮೊದಲ 100-200 ಲೀಟರ್ ನೀರನ್ನು ಬೇರೆ ಡ್ರಮ್ಮಿಗೆ ಬಿಟ್ಟು, ಬಳಿಕದ ನೀರನ್ನು ಮರಳು, ಜಲ್ಲಿ, ಇದ್ದಿಲಿನ ಸೋಸುಕದ ಮೂಲಕ ಸಂಪಿಗೆ ಹಾಯಿಸಿ. ಡ್ರಮ್ಮಿನ ನೀರು ಅಂಗಳ ತೊಳೆಯಲು ಆಗುತ್ತದೆ.

• ತಗಡಿನ ಚಾವಣಿಯ ನೀರನ್ನು ಅಡುಗೆಗೆ ಬಳಸಬೇಡಿ.

• ವರ್ಷಕ್ಕೊಮ್ಮೆ ಸಂಪು ತೊಳೆದು, ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ಮಸೀದಿಯ ವಿಶಾಲ ತಾರಸಿಗೂ ಇದೇ ವ್ಯವಸ್ಥೆ ಮಾಡಿದರೆ ಮಳೆಗಾಲದಲ್ಲಿ ವುಝೂವಿನ ನೀರಿಗೆ ಟ್ಯಾಂಕರಿನ ಖರ್ಚು ತಗ್ಗುತ್ತದೆ. ಜಮಾಅತಿನ ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ. ಗಾಳಿ, ನೀರು, ಮಣ್ಣು ನಮ್ಮ ಕೈಯಲ್ಲಿರುವ ಅಮಾನತ್. ಪಡೆದಷ್ಟೇ ಶುದ್ಧವಾಗಿ ಮಕ್ಕಳಿಗೆ ಒಪ್ಪಿಸುವುದು ನಮ್ಮ ಹೊಣೆ.