ಇಪ್ಪತ್ತೊಂದು ಫ್ರೇಮಿಗೊಂದು ಬಸ್ಸು

ಮೋರಟಗಿ ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸಿಗೆ ಕಾದವರಿಗೆ ಒಂದು ಮಾತು ಯಾರೂ ಕಲಿಸಬೇಕಾಗಿಲ್ಲ. ಬಸ್ ಬಿಡುವ ಹತ್ತು ನಿಮಿಷ ಮೊದಲೇ ಏದುಸಿರು ಬಿಡುತ್ತ ಓಡಿ ಬಂದವನೂ, ಕಡೇ ನಿಮಿಷಕ್ಕೆ ಎಲೆಅಡಿಕೆ ಹಾಕಿಕೊಂಡು ಆರಾಮಾಗಿ ಹತ್ತಿದವನೂ ಸಿಂದಗಿ ಮುಟ್ಟುವುದು ಒಂದೇ ಹೊತ್ತಿಗೆ. ಒಂದು ನಿಮಿಷ ತಡವಾಗಿ ಬಂದವನ ಪಾಡು ಮಾತ್ರ ಬೇರೆ. ಮುಂದಿನ ಬಸ್ಸಿನ ತನಕ ಅವನಿಗೆ ಕಟ್ಟೆಯೇ ಗತಿ.

ಹೋದ ಬೇಸಿಗೆಯಲ್ಲಿ ಅದೇ ಕಟ್ಟೆಯ ಮೇಲೆ ನನ್ನ ತಮ್ಮನ ಮಗ ಮೊಬೈಲ್ ನನ್ನ ಮುಖದ ಮುಂದೆ ಹಿಡಿದ. ಪರದೆಯಲ್ಲಿ ಕೆಂಪು ಟೋಪಿಯ ಮೀಸೆಯವನೊಬ್ಬ ಬಲಕ್ಕೆ ಓಡುತ್ತಿದ್ದ.

“ಕಾಕಾ, ಇಂವಾ ಇಡೀ ಗೇಮ್ ಐದ್ ನಿಮಿಷದೊಳಗ ಮುಗಸ್ತಾನ.”

“ಮುಗಸ್ಲಿ ಬಿಡು, ಅದ್ರಾಗೇನೈತಿ?”

“ಇದರೊಳಗೂ ಬಸ್ ಐತಿ ಕಾಕಾ. ಇಪ್ಪತ್ತೊಂದ್ ಫ್ರೇಮಿಗೊಂದು.”

ಹುಡುಗ ನನ್ನನ್ನು ಗೇಲಿ ಮಾಡುತ್ತಿದ್ದಾನೆ ಅಂದುಕೊಂಡೆ. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಟದ ಹೆಸರು ‘ಸೂಪರ್ ಮಾರಿಯೋ ಬ್ರದರ್ಸ್’. ಜಪಾನಿನ ನಿಂಟೆಂಡೊ ಕಂಪನಿ 1985ರಲ್ಲಿ ಬಿಟ್ಟದ್ದು. ಇಡೀ ಆಟದ ಗಾತ್ರ 40,960 ಬೈಟ್. ದಿನಾ ಬೆಳಿಗ್ಗೆ ಬೀಗರು ಕಳಿಸುವ ಗುಡ್ ಮಾರ್ನಿಂಗ್ ಫೋಟೊ ಇದೆಯಲ್ಲ, ಅಂಥದೊಂದರಲ್ಲಿ ಇಂಥ ಎರಡು ಮೂರು ಆಟ ಹಿಡಿದಾವು. ಆ ಆಟ ಓಡಿಸುವ ಯಂತ್ರ ಟೀವಿಯ ಪರದೆಯ ಮೇಲೆ ಸೆಕೆಂಡಿಗೆ 60.0988 ಸಲ ಚಿತ್ರ ಬದಲಿಸುತ್ತದೆ. ಒಂದೊಂದು ಚಿತ್ರವೂ ಒಂದು ಫ್ರೇಮ್. ಹಂತ ಮುಗಿಯಿತು ಅಂತ ಆಟ ನಿಮ್ಮನ್ನು ತಕ್ಷಣ ಮುಂದಕ್ಕೆ ಬಿಡುವುದಿಲ್ಲ. 21 ಫ್ರೇಮಿಗೊಮ್ಮೆ ಮಾತ್ರ ಬಾಗಿಲು ತೆಗೆಯುತ್ತದೆ, ಅಂದರೆ 0.35 ಸೆಕೆಂಡಿಗೊಮ್ಮೆ. ಇಪ್ಪತ್ತು ಫ್ರೇಮ್ ಮೊದಲು ಬಂದರೂ ಲಾಭವಿಲ್ಲ, ಒಂದು ಫ್ರೇಮ್ ತಡವಾದರೆ ಪೂರಾ 21 ಫ್ರೇಮ್ ದಂಡ. ಜಗತ್ತಿನ ಮಾರಿಯೋ ಓಟಗಾರರೆಲ್ಲ ಇದನ್ನು ಬಿಡಿಸಿ ಹೇಳುವುದೂ ಬಸ್ಸಿನ ಹೋಲಿಕೆಯಿಂದಲೇ. ಅವರ್ಯಾರೂ ಮೋರಟಗಿ ಸ್ಟ್ಯಾಂಡ್ ನೋಡಿದವರಲ್ಲ.

ಹೀಗೆ ಆಟವನ್ನು ಎಷ್ಟು ಬೇಗ ಮುಗಿಸಬಹುದು ಅಂತ ಗಡಿಯಾರ ಇಟ್ಟು ಆಡುವುದಕ್ಕೆ ಸ್ಪೀಡ್‌ರನ್ ಅನ್ನುತ್ತಾರೆ. 1993ರ ಡಿಸೆಂಬರಿನಲ್ಲಿ ‘ಡೂಮ್’ ಆಟ ಬಂದಾಗ ತಾನಾಡಿದ್ದನ್ನು ದಾಖಲಿಸಿ ಇನ್ನೊಬ್ಬರಿಗೆ ಕಳಿಸುವ ಸೌಕರ್ಯ ಅದರಲ್ಲೇ ಇತ್ತು. ಚಟ ಹಬ್ಬಿದ್ದು ಅಲ್ಲಿಂದ. 2011ರಲ್ಲಿ ಆಟಗಳ ನೇರಪ್ರಸಾರದ ತಾಣ ಟ್ವಿಚ್ ಶುರುವಾದ ಮೇಲೆ ಅದು ಹೊಟ್ಟೆಪಾಡಿನ ಕಸುಬೂ ಆಯಿತು. ಆಡುವವನು ಆಡುತ್ತಾನೆ, ನೋಡುವವರು ತಿಂಗಳ ಚಂದಾ ಕೊಡುತ್ತಾರೆ.

ಈಗ ಮಾರಿಯೋ ಅಂಕಿಗಳನ್ನು ನೋಡಿ. 2016ರ ಅಕ್ಟೋಬರಿನಲ್ಲಿ ಡಾರ್ಬಿಯನ್ ಎಂಬ ಹೆಸರಿನಲ್ಲಿ ಆಡುವವನ ದಾಖಲೆ 4 ನಿಮಿಷ 56.878 ಸೆಕೆಂಡ್. 2021ರ ಏಪ್ರಿಲಿನಲ್ಲಿ ನಿಫ್ಟ್‌ಸ್ಕಿ ಎಂಬವನು 4:54.948ಕ್ಕೆ ಮುಗಿಸಿ, 4:55ರ ಗೋಡೆ ಒಡೆದ ಮೊದಲ ಮನುಷ್ಯನಾದ. ಅವನೇ 2023ರ ಸೆಪ್ಟೆಂಬರಿನಲ್ಲಿ 4:54.631ಕ್ಕೆ ಇಳಿಸಿದ. ಏಳು ವರ್ಷದಲ್ಲಿ ಇಡೀ ಜಗತ್ತಿನ ಘಟಾನುಘಟಿಗಳು ಸೇರಿ ಉಳಿಸಿದ್ದು 2.247 ಸೆಕೆಂಡ್. ನಿಫ್ಟ್‌ಸ್ಕಿಯ ಆ ಎರಡು ದಾಖಲೆಗಳ ನಡುವೆ ಎರಡು ವರ್ಷ ಐದು ತಿಂಗಳು ಕಳೆದಿವೆ, ಗಳಿಕೆ 0.317 ಸೆಕೆಂಡ್. ಕಣ್ಣು ಮಿಟುಕಿಸಲು ಬೇಕಾಗುವುದೂ ಹೆಚ್ಚುಕಮ್ಮಿ ಅಷ್ಟೇ. ಒಂದು ಸಲ ರೆಪ್ಪೆ ಬಡಿಯುವಷ್ಟು ಹೊತ್ತನ್ನು ಉಳಿಸಲು ಒಬ್ಬ ಮನುಷ್ಯ ಸುಮಾರು ಎಂಟುನೂರ ಎಂಬತ್ತು ದಿನ ಕಳೆದಿದ್ದಾನೆ!

ಇದು ಹುಚ್ಚು ಅನ್ನುವವರು 2020ರ ಫೆಬ್ರವರಿ ನೆನಪಿಸಿಕೊಳ್ಳಲಿ. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ ಕೆಸರಿನಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ನೂರು ಮೀಟರಿಗೆ ಭಾಗಿಸಿ ನೋಡಿದರು, 9.55 ಬಂತು. ಉಸೇನ್ ಬೋಲ್ಟ್‌ದು 9.58. ಸೆಕೆಂಡಿನ ನೂರರಲ್ಲಿ ಮೂರು ಪಾಲಿನ ಈ ಅಂತರಕ್ಕೆ ದೇಶಕ್ಕೆ ದೇಶವೇ ಎದ್ದು ಕೂತಿತು. ಮಾರಿಯೋ ಲೆಕ್ಕದಲ್ಲಿ ಅದು ಎರಡು ಫ್ರೇಮೂ ತುಂಬುವುದಿಲ್ಲ.

ನಮ್ಮ ಹುಡುಗನ ಕೈಯಲ್ಲಿ ಈ ಕಸುಬು ಹೇಗಿದೆ ಅಂತ ನೋಡಲು ಒಂದು ಮಧ್ಯಾಹ್ನ ಅವನ ಪಕ್ಕ ಕೂತೆ. ಹಳೇ ಲ್ಯಾಪ್‌ಟಾಪ್. ಕೀಬೋರ್ಡಿನಲ್ಲಿ ಬಲಬಾಣದ ಗುರುತು ಪೂರ್ತಿ ಅಳಿಸಿಹೋಗಿದೆ, ಎಡಬಾಣ ಅಂಗಡಿಯಿಂದ ತಂದ ದಿನದಂತೆ ಹೊಳೆಯುತ್ತಿದೆ. ಮಾರಿಯೋ ಹಿಂದಕ್ಕೆ ಹೋಗುವುದೇ ಅಪರೂಪ. ಪಕ್ಕದಲ್ಲಿ ನೋಟ್‌ಬುಕ್ಕು, ನಾಲ್ಕು ನಿಂತ ಗೀಟು, ಅವಕ್ಕೊಂದು ಅಡ್ಡ ಗೀಟು, ಗೋದಾಮಿನಲ್ಲಿ ಚೀಲ ಎಣಿಸುವ ಹಾಗೆ. ಒಂದೊಂದು ಗೀಟೂ ಅರ್ಧಕ್ಕೆ ಬಿಟ್ಟ ಒಂದೊಂದು ಆಟ. ಮೊದಲ ಹಂತದ ಧ್ವಜಕಂಬದ ಬುಡಕ್ಕೆ ಮಾರಿಯೋ ಸರಿಯಾದ ಫ್ರೇಮಿನಲ್ಲಿ ತಾಗಿದರೆ ಧ್ವಜ ಇಳಿಯುವ ತನಕ ಕಾಯಬೇಕಾಗಿಲ್ಲ. ತಾಗಲಿಲ್ಲ. ರೀಸೆಟ್. ಮತ್ತೆ. ತಾಗಲಿಲ್ಲ. ರೀಸೆಟ್. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಎರಡು ಅಡ್ಡ ಗೀಟು ಬಿದ್ದಿದ್ದವು, ಒಂದನೇ ಹಂತ ದಾಟಿದ್ದು ಒಂದೇ ಸಲ. ದೊಡ್ಡ ದೊಡ್ಡ ಓಟಗಾರರ ದಿನವೂ ಹೀಗೇ ಸಾಗುತ್ತದೆ. ಲೋಕ ನೋಡುವುದು ಗೆದ್ದ ಐದು ನಿಮಿಷವನ್ನು. ನೋಟ್‌ಬುಕ್ಕಿನ ಗೀಟು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಕಿ ಇಷ್ಟು ಸಣ್ಣದಾದ ಮೇಲೆ ಸುಳ್ಳಿಗೂ ಜಾಗ ಸಣ್ಣದು. ಅಟಾರಿ ಯಂತ್ರದ ‘ಡ್ರ್ಯಾಗ್‌ಸ್ಟರ್’ ಆಟದಲ್ಲಿ ಟಾಡ್ ರೋಜರ್ಸ್ ಎಂಬವರ ಹೆಸರಿನಲ್ಲಿ 1982ರಿಂದ 5.51 ಸೆಕೆಂಡಿನ ದಾಖಲೆ ಇತ್ತು. ಕಡೆಗೊಬ್ಬ ಪುಣ್ಯಾತ್ಮ ಆಟದ ಕೋಡನ್ನೇ ಬಿಚ್ಚಿ ನೋಡಿದ. ಯಂತ್ರವೇ ಚೂರೂ ತಪ್ಪದೆ ಆಡಿದರೂ 5.57ಕ್ಕಿಂತ ಕೆಳಗೆ ಬರುತ್ತಿಲ್ಲ. 2018ರ ಜನವರಿಯಲ್ಲಿ ದಾಖಲೆ ಅಳಿಸಿದರು. ಮೂವತ್ತೈದು ವರ್ಷದ ಕೀರ್ತಿ ಸೆಕೆಂಡಿನ ನೂರರಲ್ಲಿ ಆರು ಪಾಲಿನಲ್ಲಿ ಮುಳುಗಿತು.

ಅದಕ್ಕಿಂತ ನನಗೆ ಹಿಡಿಸಿದ್ದು ‘ಮೈನ್‌ಕ್ರಾಫ್ಟ್’ ಪ್ರಕರಣ. ಆ ಆಟದಲ್ಲಿ ಕೈಚಳಕದ ಜೊತೆ ಅದೃಷ್ಟವೂ ಬೇಕು. ಬಂಗಾರ ಕೊಟ್ಟರೆ ಎದುರಿನ ಪ್ರಾಣಿ ಏನೋ ಒಂದು ವಸ್ತು ಕೊಡುತ್ತದೆ. ನಮಗೆ ಬೇಕಾದ ಮುತ್ತು ಸಿಗುವುದು ನೂರಕ್ಕೆ ಐದು ಸಲಕ್ಕಿಂತ ಕಮ್ಮಿ. ಡ್ರೀಮ್ ಎಂಬ ಹೆಸರಿನ, ಕೋಟಿಗಟ್ಟಲೆ ಜನ ನೋಡುವ ಆಟಗಾರ 2020ರಲ್ಲಿ ಆರು ನೇರಪ್ರಸಾರಗಳಲ್ಲಿ 262 ಸಲ ವ್ಯಾಪಾರ ಮಾಡಿದ. ಲೆಕ್ಕದ ಪ್ರಕಾರ ಮುತ್ತು ಬರಬೇಕಾದದ್ದು ಹನ್ನೆರಡೋ ಹದಿಮೂರೋ ಸಲ. ಬಂದದ್ದು 42 ಸಲ. ಆಟದ ಇನ್ನೊಂದು ಕಡೆ 305 ಸಲದಲ್ಲಿ ಅರ್ಧದಷ್ಟು ಸಲ ಸಿಗಬೇಕಾದ ಕೋಲು 211 ಸಲ ಸಿಕ್ಕಿತ್ತು. ಪರಿಶೀಲಿಸಿದ ತಂಡ ಆತನಿಗೆ ಕೊಡಬಹುದಾದ ರಿಯಾಯಿತಿಯನ್ನೆಲ್ಲ ಕೊಟ್ಟು ಹೇಳಿತು: ಇಂಥ ಅದೃಷ್ಟ ಒಲಿಯುವ ಸಾಧ್ಯತೆ ಏಳೂವರೆ ಲಕ್ಷ ಕೋಟಿಯಲ್ಲಿ ಒಂದು.

ಏಳೂವರೆ ಲಕ್ಷ ಕೋಟಿ ಅಂದರೆ ಎಷ್ಟು? ಬಜೆಟ್ ಭಾಷಣ ಕೇಳಿ ಕೇಳಿ ಲಕ್ಷ ಕೋಟಿಗೆ ನಮ್ಮ ಕಿವಿ ಜಡ್ಡುಗಟ್ಟಿದೆ, ಅದಕ್ಕೇ ನಾನು ಜೋಳಕ್ಕೆ ಇಳಿಸಿದೆ. ಸಾವಿರ ಕಾಳು ಬಿಳಿಜೋಳ 30 ಗ್ರಾಂ ತೂಗುತ್ತದೆ ಅಂತ ಹಿಡಿಯಿರಿ. ಏಳೂವರೆ ಲಕ್ಷ ಕೋಟಿ ಕಾಳು ಅಂದರೆ ಇಪ್ಪತ್ತೆರಡೂವರೆ ಲಕ್ಷ ಕ್ವಿಂಟಲ್. ಹತ್ತು ಟನ್ನಿನ ಲಾರಿಗೆ ತುಂಬಿದರೆ 22,500 ಲಾರಿ. ಒಂದರ ಮೂತಿಗೆ ಇನ್ನೊಂದರ ಬಾಲ ತಾಗಿಸಿ, ಲಾರಿಗೆ ಹತ್ತು ಮೀಟರಿನಂತೆ ನಿಲ್ಲಿಸಿದರೆ 225 ಕಿಲೋಮೀಟರ್ ಸಾಲು. ವಿಜಯಪುರದಲ್ಲಿ ಶುರುವಾಗಿ ಸಿಂದಗಿ, ಮೋರಟಗಿ, ಜೇವರ್ಗಿ ದಾಟಿ ಕಲಬುರಗಿ ಮುಟ್ಟಿದರೂ ಮುಗಿಯದು. ಆ ಅಷ್ಟೂ ಲಾರಿಗಳಲ್ಲಿ ಎಲ್ಲೋ ಒಂದು ಕಾಳಿಗೆ ಮಾತ್ರ ಕುಂಕುಮ ಹಚ್ಚಿದೆ. ಕಣ್ಣು ಕಟ್ಟಿಕೊಂಡು ಹೋಗಿ, ಒಂದೇ ಸಲ ಕೈ ಹಾಕಿ, ಅದೇ ಕಾಳನ್ನು ತರಬೇಕು. ಡ್ರೀಮ್ ಮೊದಲು ವಾದಿಸಿದ, ಲೆಕ್ಕ ಬಲ್ಲ ಒಬ್ಬರಿಂದ ಬೇರೆ ವರದಿ ಬರೆಸಿದ. 2021ರ ಮೇ ತಿಂಗಳಲ್ಲಿ, ಆಟದಲ್ಲಿ ಅದೃಷ್ಟ ಬದಲಿಸುವ ಜೋಡಣೆ ಇದ್ದದ್ದು ನಿಜ, ಆದರೆ ಆಗ ತನಗೆ ಗೊತ್ತಿರಲಿಲ್ಲ ಅಂತ ಒಪ್ಪಿಕೊಂಡ. ನಂಬುವುದು ಬಿಡುವುದು ಅವರವರ ಇಷ್ಟ. ಲಾರಿ ಸಾಲು ಮಾತ್ರ ನನ್ನ ತಲೆಯಿಂದ ಇಳಿದಿಲ್ಲ.

ಇವರೆಲ್ಲ ಬೇಗ ಮುಗಿಸುವವರು. ಇನ್ನೊಂದು ಜಾತಿಯವರಿದ್ದಾರೆ, ತಮಗೆ ತಾವೇ ಕಷ್ಟ ಹೇರಿಕೊಂಡು ಆಡುವವರು. ಅವರದು ಚಾಲೆಂಜ್ ರನ್. ನಮ್ಮ ಭಾಗದ ಜನಕ್ಕೆ ಇದು ಹೊಸದಲ್ಲ. ಯುಗಾದಿ ಹತ್ತಿರ ಬಂದಾಗ ಶ್ರೀಶೈಲಕ್ಕೆ ನಡೆದುಕೊಂಡು ಹೊರಟವರನ್ನು ನೋಡಿ. ಬಸ್ಸಿದೆ, ಆದರೂ ನಡೆಯುತ್ತಾರೆ. ನಡೆಯುವುದೂ ಸಾಲದೆಂದು ಕೆಲವರು ಮರಗಾಲು ಕಟ್ಟಿಕೊಳ್ಳುತ್ತಾರೆ. ಯಾಕಪ್ಪ ಅಂತ ಕೇಳಿದರೆ ನಗುತ್ತಾರೆ.

ಮೈನ್‌ಕ್ರಾಫ್ಟಿನಲ್ಲೇ ಒಬ್ಬ ಪಾದಯಾತ್ರಿಯಿದ್ದಾನೆ, ಅಮೆರಿಕದ ಕರ್ಟ್ ಮ್ಯಾಕ್. ಹಳೇ ಆವೃತ್ತಿಯಲ್ಲಿ ಲೆಕ್ಕದ ದೋಷದಿಂದ, ಶುರುವಾದ ಜಾಗದಿಂದ 1,25,50,821 ಮೀಟರ್ ದೂರದಲ್ಲಿ ಆ ಲೋಕ ಮುರಿದು ಚಿತ್ರವಿಚಿತ್ರ ಗೋಡೆಯಾಗಿ ನಿಲ್ಲುತ್ತದೆ. ಅಲ್ಲಿಗೆ ನಡೆದೇ ಹೋಗುತ್ತೇನೆ ಅಂತ ಆತ 2011ರ ಮಾರ್ಚಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ. ಮುಂದೊಂದು ಆವೃತ್ತಿಯಲ್ಲಿ ಕಂಪನಿ ದೋಷ ತಿದ್ದಿತು. ಈತ ಆಟವನ್ನು ಆ ಆವೃತ್ತಿಗೆ ಅಪ್‌ಡೇಟ್ ಮಾಡಲೇ ಇಲ್ಲ. ದೂರ 12,550 ಕಿಲೋಮೀಟರ್. ಭೂಮಿಯನ್ನು ಈ ಬದಿಯಿಂದ ಆ ಬದಿಗೆ ಕೊರೆದರೆ ಸಿಗುವುದು 12,742. ಆಟದ ನಡಿಗೆಯ ವೇಗ ಸೆಕೆಂಡಿಗೆ 4.317 ಮೀಟರ್. ಎಲ್ಲೂ ನಿಲ್ಲದೆ ನಡೆದರೂ 807 ಗಂಟೆಗೂ ಹೆಚ್ಚು ಬೇಕು. ಆತ ನಿಲ್ಲುತ್ತಾನೆ, ಹರಟುತ್ತಾನೆ, ರಾತ್ರಿಯಾದರೆ ಗುಡ್ಡ ಕೊರೆದು ಅಡಗುತ್ತಾನೆ, ಆಸ್ಪತ್ರೆಯ ಮಕ್ಕಳಿಗೆಂದು ದೇಣಿಗೆಯನ್ನೂ ಎತ್ತಿದ್ದಾನೆ. ವರ್ಷಗಳೇ ಹಿಡಿಯುವ ದಾರಿ.

ಮರಗಾಲಿನವರಿಗೆ ಸರಿಸಮ ಅಂದರೆ ‘ಸೂಪರ್ ಮಾರಿಯೋ 64’ ಆಟದ ಎ-ಬಟನ್ ಮಂದಿ. ಎ ಒತ್ತಿದರೆ ಮಾರಿಯೋ ಜಿಗಿಯುತ್ತಾನೆ. ಜಿಗಿತವೇ ಆ ಆಟದ ಜೀವ. ಇವರ ಹಟ, ಜಿಗಿಯದೆ ಮುಗಿಸುವುದು. ಪ್ಯಾನೆನ್‌ಕೂಕ್ ಎಂಬ ಹೆಸರಿನವನು 2016ರಲ್ಲಿ ಒಂದು ನಕ್ಷತ್ರವನ್ನು ‘ಅರ್ಧ’ ಒತ್ತಿನಲ್ಲಿ ಗೆಲ್ಲುವ ಬಗೆ ತೋರಿಸಿದ. ಬಟನ್ ಒತ್ತುವುದು, ಹಿಡಿದಿರುವುದು, ಬಿಡುವುದು ಅಂತ ಮೂರು ಭಾಗ ಮಾಡಿ, ಮೊದಲೇ ಒತ್ತಿ ಹಿಡಿದುಕೊಂಡು ಒಳಗೆ ಬಂದರೆ ಅರ್ಧ ಅಂತ ಲೆಕ್ಕ. ಆ ಅರ್ಧ ಒತ್ತು ಉಳಿಸಲು ಮಾರಿಯೋ ಒಂದೇ ಕಡೆ ನಿಂತು ಹನ್ನೆರಡು ಗಂಟೆ ವೇಗ ಕೂಡಿಹಾಕಬೇಕು. 2024ರಲ್ಲಿ ಮಾರ್ಬ್ಲರ್ ಎಂಬವನು ಒಂದು ಸಲವೂ ಎ ಒತ್ತದೆ ಇಡೀ ಆಟ ಮುಗಿಸಿದ. ಹಿಡಿದದ್ದು ಸುಮಾರು 86 ಗಂಟೆ. ಅದರಲ್ಲಿ ಮೂರು ದಿನದಷ್ಟು ಬರೀ ಕಾಯುವುದು. ವೀ ಎಂಬ ಯಂತ್ರದಲ್ಲಿ ದಶಾಂಶದ ಕೊನೇ ಅಂಕಿ ಕತ್ತರಿಸುವಾಗ ಆಗುವ ಕೂದಲೆಳೆ ತಪ್ಪಿನಿಂದ ಅಲ್ಲೊಂದು ಹಲಗೆ ಕಣ್ಣಿಗೆ ಕಾಣದಷ್ಟು ನಿಧಾನ ಮೇಲೇರುತ್ತದೆ. ಮಾರಿಯೋ ಹತ್ತುವ ಎತ್ತರಕ್ಕೆ ಅದು ಬರುವ ತನಕ ಕೂತಿರಬೇಕು, ಒಂದು ಜಿಗಿತದ ಬದಲಿಗೆ.

“ನಮ್ಮೂರಾಗ ಮೂರ್ ದಿನ ಕರೆಂಟ್ ಹೋಗದ ಇದ್ರ ಅದೂ ಒಂದ್ ರೆಕಾರ್ಡ್ ಕಾಕಾ” ಅಂದ ಹುಡುಗ.

ದುಡ್ಡಿನ ಅಂಕಿ ಎರಡೇ ಹೇಳಿ ಮುಂದೆ ಹೋಗುತ್ತೇನೆ. ಇಂಥ ಓಟಗಾರರು ಸೇರಿ ಹಗಲೂ ರಾತ್ರಿ ಆಡಿ ದೇಣಿಗೆ ಕೂಡಿಸುವ ‘ಗೇಮ್ಸ್ ಡನ್ ಕ್ವಿಕ್’ 2010ರಲ್ಲಿ ಶುರುವಾದಾಗ ಬಂದದ್ದು ಹತ್ತು ಸಾವಿರ ಡಾಲರಿನ ಚಿಲ್ಲರೆ. 2022ರ ಜನವರಿಯ ಒಂದೇ ವಾರದಲ್ಲಿ ಕ್ಯಾನ್ಸರ್ ತಡೆಯುವ ಸಂಸ್ಥೆಯೊಂದಕ್ಕೆ ಬಂದದ್ದು 34 ಲಕ್ಷ ಡಾಲರಿಗೂ ಮೇಲೆ.

ಮತ್ತೆ ಮಾರಿಯೋಗೆ ಬರೋಣ, ಬಾಕಿಯೊಂದು ಉಳಿದಿದೆ. ಮನುಷ್ಯನ ಕೈ ಬಿಟ್ಟು, ಕಂಪ್ಯೂಟರಿನಲ್ಲಿ ಫ್ರೇಮಿಗೆ ಫ್ರೇಮ್ ಜೋಡಿಸಿ ಆಡಿಸಿದ ಪರಿಪೂರ್ಣ ಆಟದ ಹೊತ್ತು 4:54.265. ನಿಫ್ಟ್‌ಸ್ಕಿಯ 2023ರ ಓಟ ಒಟ್ಟು 17,707 ಫ್ರೇಮ್, ಯಂತ್ರದ್ದು 17,685. ನಡುವಿನ ಅಂತರ ಬರೀ 22 ಫ್ರೇಮ್. ಆಮೇಲೆ ಅದೂ ಇನ್ನಷ್ಟು ಸವೆದಿದೆ. ಇನ್ನು ಉಳಿಸಬೇಕಾದದ್ದು ಎಲ್ಲಿ ಅಂತ ಕೇಳಿದೆ.

ಹುಡುಗ ಓಟದ ಎಂಟು ಹಂತಗಳನ್ನು ಬೆರಳು ಮಡಚಿ ಎಣಿಸಿದ. ಏಳರಲ್ಲೂ ಬಾಗಿಲು 21 ಫ್ರೇಮಿಗೊಮ್ಮೆಯೇ. ಅಲ್ಲಿ ಎರಡು ಮೂರು ಫ್ರೇಮ್ ತಪ್ಪಿದರೂ ಬಸ್ ಸಿಕ್ಕರೆ ಸಾಕು, ತಪ್ಪು ಮುಚ್ಚಿಹೋಗುತ್ತದೆ. ಎಂಟನೆಯದು, ಅರಮನೆಯ ಕೊನೆಯ ಹಂತ, ಹಾಗಲ್ಲ. ಮಾರಿಯೋ ಕೊಡಲಿ ಮುಟ್ಟಿದ ಕ್ಷಣಕ್ಕೆ ಗಡಿಯಾರ ನಿಲ್ಲುತ್ತದೆ. ಅಷ್ಟು ಹೊತ್ತಿನ ಬೆವರು ಕೈಯಲ್ಲಿ ಹಿಡಿದುಕೊಂಡು ಬಂದವನಿಗೆ ಅಲ್ಲಿ ಒಂದೊಂದು ಫ್ರೇಮೂ ಲೆಕ್ಕಕ್ಕೆ ಬೀಳುತ್ತದೆ.

“ಅಲ್ಲಿ ಬಸ್ ಇಲ್ಲ ಕಾಕಾ” ಅಂದ. “ನಡಕೊಂಡ ಹೋಗಬೇಕು.”